ಪಾಲಿನ ನೂಲು, ಕೂಲಿಯ ನೂಲು

೧೯೪೩ರಲ್ಲಿ ನಾನು ದೇವದುರ್ಗದಲ್ಲಿ ಸಹಕಾರ ಇಲಾಖೆಯ ಸೂಪರ್‌ವೈಜರ್ ಆಗಿದ್ದೆ. ಅಲ್ಲಿನ ಕಂಬಳಿ ನೇಕಾರರ ಸಂಘವೆಂದರೆ ನನಗೆ ವಿಪರೀತ ಅಭಿಮಾನ. ಅದಕ್ಕೆ ಮಾಲೀಕನೇ ಇರಲಿಲ್ಲ. ನೇಯುವವರೇ ಕೂತು ಎಲ್ಲವನ್ನೂ ತೀರ್ಮಾನಿಸುತ್ತಿದ್ದರು, ಖರ್ಚು ಕಳೆದು ಉಳಿದದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಮತ ಹಾಕುವ ರೀತಿಯೂ ಅವರದೇ: ಒಪ್ಪಿಗೆಯಿದ್ದರೆ ಬುಟ್ಟಿಗೆ ಬಿಳಿ ಉಣ್ಣೆ, ಇಲ್ಲವಾದರೆ ಕರಿ ಉಣ್ಣೆ.

ಯುದ್ಧದ ಕಾಲ. ರಾಯಚೂರಿನ ಕಂಟ್ರಾಕ್ಟರೊಬ್ಬರ ಮೂಲಕ ಸೈನ್ಯಕ್ಕೆ ಕಂಬಳಿ ಒದಗಿಸುವ ಆರ್ಡರ್ ಬಂತು. ಮಗ್ಗಗಳಿಗೆ ಬಿಡುವೇ ಇಲ್ಲದಂತಾಯಿತು. ಎಷ್ಟು ನೂಲಿದ್ದರೂ ಸಾಲದು.

ನೂಲುವವರು ಹೆಂಗಸರು. ಅವರ ದುಡಿಮೆ ಗಂಡನ ಪಾಲಿನಲ್ಲೇ ಸೇರಿಹೋಗುತ್ತಿತ್ತು. ಸಂಘದ ಸದಸ್ಯನಾಗಿದ್ದ ಬೀರಪ್ಪ ಆ ವರ್ಷ ತೀರಿಕೊಂಡಾಗ ಅವನ ಪಾಲೂ ನಿಂತುಹೋಯಿತು. ಹೆಂಡತಿ ಹನುಮವ್ವ ಕೂಲಿಯವಳಾದಳು. ಅವಳು ನೇರವಾಗಿ ಸಭೆಗೇ ಬಂದಳು.

“ಗಂಡ ಇದ್ದಾಗ ನನ್ನ ನೂಲು ಪಾಲಿನೊಳಗ ಇತ್ತು. ಅವ ಸತ್ತ ಮ್ಯಾಲ ಅದ ನೂಲು ಕೂಲಿ ಹ್ಯಾಂಗ ಆತ್ರೀ?”

ಮುಖ್ಯಸ್ಥ ಮಲ್ಲಪ್ಪ ನೆಲ ನೋಡಿದ. “ಒಬ್ಬಾಕಿಗಿ ಕೊಟ್ರ ಎಲ್ಲಾರೂ ಕೇಳ್ತಾರ. ನಮ್ಮ ಪಾಲು ಸಣ್ಣದಾಕ್ಕತಿ,” ಎಂದ.

ನಾನು ಅವಳ ಪರವಾಗಿ ಗಂಟಲು ಹರಿಯುವಂತೆ ಮಾತಾಡಿದೆ. ನನಗೆ ಮತವಿರಲಿಲ್ಲ. ಬುಟ್ಟಿಯ ತುಂಬ ಕರಿ ಉಣ್ಣೆ ಬಿತ್ತು. ಆ ಉಣ್ಣೆಯನ್ನು ಹಿಂಜಿದವಳು ಹನುಮವ್ವನೇ. ಅವಳು ತವರೂರಾದ ಬಾಗಲವಾಡಕ್ಕೆ ಹೊರಟುಹೋದಳು.

ಅಂದಿನಿಂದ ನೂಲಿನ ಕೊರತೆ ತುಂಬಲು ಸಂಘ ಹೊರಗಿನ ಹೆಂಗಸರನ್ನು ಕೂಲಿಗೆ ಇಟ್ಟುಕೊಂಡು ನಡೆಯಿತು. ಸದಸ್ಯರು “ನಮ್ಮ ಆಳುಗಳು” ಎನ್ನತೊಡಗಿದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

೧೯೪೫ರಲ್ಲಿ ಯುದ್ಧ ಮುಗಿದು ಆರ್ಡರ್ ನಿಂತಿತು. ಸೈನ್ಯಕ್ಕೆಂದು ನೇಯ್ದ ಅಂಚಿಲ್ಲದ ಕಂಬಳಿಯನ್ನು ಸಂತೆಯಲ್ಲಿ ಯಾರೂ ಮುಟ್ಟಲಿಲ್ಲ. ಸಂಘಕ್ಕೆ ಕೂಲಿ ಕೊಡಲಾಗದೆ ಹೋದಾಗ ಹೆಂಗಸರೆಲ್ಲ ಚದುರಿದರು. ಕೂಲಿ ಕೇಳದೆ ಪಾಲಿಗೆ ನೂಲುವವರು ಬೇಕಾದಾಗ ಮಲ್ಲಪ್ಪನಿಗೆ ಹನುಮವ್ವನ ನೆನಪಾಯಿತು. ಅವನ ಜೊತೆ ನಾನೂ ಬಾಗಲವಾಡಕ್ಕೆ ಹೋದೆ. ಅವಳು ಮಾನ್ವಿಯ ವ್ಯಾಪಾರಿಯೊಬ್ಬರಿಗೆ ನೂಲುತ್ತಿದ್ದಳು.

“ಪಾಲು ಕೊಡ್ತೀವಿ, ಬಾರವ್ವ,” ಎಂದ ಮಲ್ಲಪ್ಪ.

ಅವಳು ಇಬ್ಬರಿಗೂ ನೀರು ಕೊಟ್ಟಳು.

“ಲಾಭ ಇದ್ದಾಗ ಕೂಲ್ಯಾಕಿ. ಈಗ ನಷ್ಟಕ್ಕ ಪಾಲುದಾರಳೇನು, ಯಪ್ಪಾ?”

ಮರುವರ್ಷ ಸಂಘ ಮುಚ್ಚಿತು; ಮುಚ್ಚುವ ವರದಿಗೆ ಸಹಿ ಹಾಕಿದವನು ನಾನೇ. ಆಮೇಲೆ ಎಷ್ಟೋ ಸಂಘಗಳ ತಪಾಸಣೆ ಮಾಡಿದೆ. ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದುದು, ಇಲ್ಲಿ ಕೆಲಸ ಮಾಡಿಯೂ ಮತವಿಲ್ಲದವರು ಯಾರು ಎಂದು. ಅದನ್ನು ಕಲಿಸಿದವಳಿಗೆ ಮಾತ್ರ ನನ್ನಿಂದ ಒಂದು ಪಾಲು ಕೊಡಿಸಲಾಗಲಿಲ್ಲ.