ಹೊಕ್ಕುಳಬಳ್ಳಿಯ ರಕ್ತ, ಬಂಗುಡೆಯ ಐಸು

ನಮ್ಮ ಕುಟುಂಬದಲ್ಲಿ ಪದವಿ ಕಂಡ ಮೊದಲ ಜೀವ ನಾನು. ಬೀಜಾಡಿಯ ಮನೆಯಲ್ಲಿ ಪದವಿಪತ್ರಕ್ಕೆ ಹಾಕಿಸಿದ ಕಟ್ಟು ದೇವರ ಪಟಕ್ಕಿಂತ ಒಂದು ಗೇಣು ದೊಡ್ಡದು. ಆ ಪದವಿಯ ಬಲದಿಂದ, ೨೦೦೮ರ ಸುಮಾರಿಗೆ, ಒಂದು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ಸಿಕ್ಕಿತು.

ಅಲ್ಲಿ ನೋಡುತ್ತಿದ್ದದ್ದು ಆಗಷ್ಟೇ ಹುಟ್ಟಿದ ಮಕ್ಕಳ ರೋಗನಿರೋಧಕ ಕೋಶಗಳನ್ನು. ಎಳೆಗೂಸಿಗೆ ಕೆಲವು ಲಸಿಕೆಗಳು ಅಷ್ಟಾಗಿ ಹತ್ತುವುದಿಲ್ಲ. ಜೊತೆಗೆ ಯಾವ ಪೂರಕ ಬೆರೆಸಿದರೆ ಆ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ ಎಂದು ಹೊಕ್ಕುಳಬಳ್ಳಿಯ ರಕ್ತದಲ್ಲಿ ಪರೀಕ್ಷೆ. ಅಕ್ಕನ ಹೆರಿಗೆ ಕುಂದಾಪುರದಲ್ಲಿ ಎಂದಾಗ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮೊದಲ ಸಲ ನನ್ನನ್ನು ನಂಬಿದರು.

"ಬಳ್ಳಿಯ ರಕ್ತ ಸರಿಯಾಗಿ ತಂದರೆ ಇನ್ನು ತೊಳೆಯುವುದು ಬೇಡ, ಪ್ರಯೋಗಕ್ಕೆ ಕೂರು. ತಣ್ಣಗೆ ಮಾತ್ರ ಮಾಡಬೇಡ, ಕೋಶಗಳು ಮಂಕಾಗುತ್ತವೆ."

ಅಕ್ಕ ಒಪ್ಪಿ ಸಹಿ ಹಾಕಿದಳು. ಮಗು ಹುಟ್ಟಿತು, ನರ್ಸ್ ಎರಡು ಟ್ಯೂಬು ರಕ್ತ ಕೊಟ್ಟರು. ಅವನ್ನು ಅಮ್ಮನ ಕೈಗಿತ್ತು, ನಾನು ಅಕ್ಕನ ಅತ್ತೆಗೆ ಕೋಶಗಳ ಕುರಿತು ಅರ್ಧ ಗಂಟೆ ಪಾಠ ಮಾಡಿದೆ. ಅವರು ಕೇಳಿರಲಿಲ್ಲ, ಪದವೀಧರೆಗೆ ಅದೆಲ್ಲ ಅಡ್ಡಿಯಲ್ಲ. ಅಷ್ಟರಲ್ಲಿ ಮೀನು ಮಾರುವ ನನ್ನಮ್ಮ ಟ್ಯೂಬುಗಳನ್ನು ತನ್ನ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಟೇಪು ಸುತ್ತಿ ಕೊಟ್ಟಳು.

ಬಸ್ಸು ತೆಕ್ಕಟ್ಟೆ ದಾಟುವಾಗ ಕಂಡಕ್ಟರ್ ಕೂಗಿದ: "ಹ್ವಾಯ್, ಪೆಟ್ಟಿಗಿ ನೀರ್ ಸೋರತ್ತ್ ಕಾಣಿ! ಮೀನಾರೆ ಹಿಂದ್ ಇಡಿ."

"ಇದು ಮೀನಲ್ಲ, ಸಂಶೋಧನೆ," ಎಂದೆ, ಪುಸ್ತಕದ ಕನ್ನಡದಲ್ಲಿ.

"ಸಂಶೋಧನೆ ಆರೂ ಸೋರತ್ತಲೆ!"

ಪ್ರಯೋಗಾಲಯದಲ್ಲಿ ಟೇಪು ಬಿಚ್ಚಿದರೆ ಬಂಗುಡೆಯ ವಾಸನೆ, ಕಂಠಮಟ್ಟ ಐಸು. ಐಸನ್ನು ಸಿಂಕಿಗೆ ಸುರಿದೆ, ಟ್ಯೂಬುಗಳನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಏನೂ ಆಗದವಳಂತೆ ಮೇಡಂ ಕೈಗೆ ಕೊಟ್ಟೆ.

ಮರುದಿನ, ದೊಡ್ಡವರ ಹೋಲಿಕೆಗೆಂದು ಕೊಟ್ಟಿದ್ದ ನನ್ನ ರಕ್ತದ ಕೋಶಗಳು ಪೂರಕ ಕಂಡದ್ದೇ ತಡ ಕುಣಿದಿದ್ದವು. ಅಕ್ಕನ ಮಗುವಿನವು ಯಾವುದಕ್ಕೂ ಕ್ಯಾರೇ ಎಂದಿರಲಿಲ್ಲ.

"ನೋಡು, ಎಳೆ ಕೋಶಗಳು ಎಷ್ಟು ಮಂದ," ಎನ್ನುತ್ತ ಮೇಡಂ ಬರೆಯತೊಡಗಿದರು.

ಒಂದು ದಿನದ ಕೂಸು. ಅಪರಾಧ ನನ್ನದು, ಹೆಸರು ಕೆಡುವುದು ಅದರದು. ತಡೆಯಲಾಗಲಿಲ್ಲ.

"ಐಸಲ್ಲಿ ಬಂದದ್ದು, ಮೇಡಂ."

ಅವರು ಬರೆದದ್ದನ್ನು ಹೊಡೆದು ಹಾಕಿ, ಸಿಂಕಿನ ಕಡೆ ಬೆರಳು ತೋರಿಸಿದರು.

ಸಂಜೆ ಫೋನಿನಲ್ಲಿ ಅಮ್ಮನ ಮೇಲೆ ಹರಿಹಾಯ್ದೆ.

"ಐಸ್ ಇಲ್ದಿರೆ ಹಾಳಾತ್ತಂದೇಳಿ ಹಾಕ್ದೆ," ಎಂದಳು ಅಮ್ಮ. "ಬೀಗಿತ್ತಿಗ್ ಅರ್ಧ ಗಂಟಿ ಹೇಳ್ದೆ ಅಲ್ದಾ ಹೆಣೆ, ನಂಗೊಂದ್ ಮಾತ್ ಹೇಳುಕೆ ಎಂತ ಆಯ್ತ್ ನಿಂಗೆ?"

ಕಟ್ಟು ಹಾಕಿಸಿದ ಆ ಪದವಿಯ ಬಲದಿಂದಲೇ ಇನ್ನೂ ಎಂಟು ತಿಂಗಳು ಗಾಜು ತೊಳೆದೆ, ಬಹಳ ಚೊಕ್ಕವಾಗಿ.