ಪೆಟ್ಟಿಗೆಯ ತಪ್ಪು

ನಾನು ವಿಜಯಪುರದ ಕಾಲೇಜಿನಲ್ಲಿ ವಿಜ್ಞಾನ ಹೇಳುವವನು. ತಪ್ಪಾದರೆ ಒಪ್ಪಿಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವುದಂತೂ ನನಗೊಂದು ಚಟ.

ಹೋದ ವರ್ಷ ತಿಕೋಟಾದ ನನ್ನ ಮಾವನ ಶೆಡ್ಡಿನಲ್ಲಿ ದ್ರಾಕ್ಷಿ ಒಣಹಾಕಿದ್ದರು. ಅಲ್ಲಿ ಕೆಲಸ ಮಾಡುವ ಮುದುಕಿ ಒಂದು ಹಿಡಿ ದ್ರಾಕ್ಷಿಯನ್ನು ಮುಷ್ಟಿಯಲ್ಲಿ ಅಮುಕಿ ಬಿಟ್ಟಳು. ಒಣಗಿದ್ದರೆ ಬಿಡಿಬಿಡಿಯಾಗಿ ಉದುರಬೇಕು; ಅದು ಉಂಡೆಯಾಗಿಯೇ ಕೂತಿತು.

"ಉದರವಲ್ವು ನೋಡ್ರಿ, ಒಳಗ ಇನ್ನೂ ಹಸಿ ಅದಾವ. ಎರಡ ದಿನ ಬಿಡ್ರಿ," ಎಂದಳು.

ನಾನು ಬರೀ ಬಣ್ಣ ನೋಡಿದೆ. ಗಾಳಿಯ ತೇವಾಂಶದ ಬಗ್ಗೆ ಭಾಷಣ ಬಿಗಿದು, ಅಂದೇ ಪೆಟ್ಟಿಗೆ ತುಂಬಿಸಿದೆ. ಕಲಿತವನ ಮಾತೆಂದು ಮಾವ ತಲೆಯಾಡಿಸಿದ.

ತಿಂಗಳ ಮೇಲೆ ಪೆಟ್ಟಿಗೆ ಬಿಚ್ಚಿದರೆ ಹುಳಿ ವಾಸನೆ, ತುಂಬ ಬೂಷ್ಟು. ಎಲ್ಲರೂ ನನ್ನ ಮುಖ ನೋಡಿದರು. "ನಂದ ತಪ್ಪು" ಎನ್ನಲು ಎರಡೇ ಶಬ್ದ ಸಾಕಿತ್ತು. ಆದರೆ ನನ್ನಂಥ ಓದಿದ ಕತ್ತೆಗೆ ಅಷ್ಟು ಸಣ್ಣ ಮಾತು ಬಾಯಿಗೆ ಬರುವುದಿಲ್ಲ.

"ಪೆಟ್ಟಿಗೀನೇ ಸರಿ ಇರಲಿಲ್ಲ," ಎಂದೆ.

ಮುದುಕಿ ಕೆಟ್ಟ ದ್ರಾಕ್ಷಿಯನ್ನು ಬುಟ್ಟಿಗೆ ಸುರಿಯುತ್ತ, ತಲೆ ಎತ್ತದೆಯೇ ಅಂದಳು: "ಹೌದ್ರಿ ಸರ, ಎಲ್ಲಾ ಪೆಟ್ಟಿಗೀದ ತಪ್ಪರಿ. ಪಾಪ, ಅದಕ್ಕ ಬಾಯಿ ಇಲ್ಲಲ್ರಿ."