ಎಡಕ್ಕೆ ಬಿದ್ದ ಕೇಪಳ

ಶಿರವಾಡದ ಗೋದಾವರಿಗೆ ಹೂವು ಒಣಗಿಸುವ ಹುಚ್ಚು ಇದೆಯೆಂದು ಊರಿಗೆಲ್ಲ ಗೊತ್ತು. ಆ ಹುಚ್ಚು ಎಲ್ಲಿಂದ ಹತ್ತಿತೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ವಯಸ್ಸು ಅರವತ್ತೆರಡು. ಕಾರವಾರದ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿ ದುಡಿದವಳು, ಮದುವೆಯಾಗಲಿಲ್ಲ. ಕಚೇರಿಯವರು ರದ್ದಿಗೆ ಹಾಕಿದ ಹಳೆಯ ಡೈರೆಕ್ಟರಿಗಳನ್ನು ಅವಳು ಆಟೋದಲ್ಲಿ ಹೇರಿಕೊಂಡು ಬಂದಾಗ, ಇನ್ನು ಯಾರಿಗೆ ಫೋನು ಹಚ್ಚುತ್ತಾಳೆ ಇವಳು ಎಂದು ನೆರೆಯವರು ನಕ್ಕಿದ್ದರು. ನಗಲಿ ಬಿಡಿ. ಹೂವಿನ ನೀರನ್ನು ಆ ಒರಟು ಕಾಗದದಷ್ಟು ಮೆತ್ತಗೆ ಹೀರುವ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅವಳದೊಂದು ಪದ್ಧತಿ ಇದೆ. ಯಾರ ಹಿತ್ತಲಿನ ಹೂವೋ ಅವರ ಹೆಸರಿರುವ ಪುಟದಲ್ಲೇ ಅದನ್ನು ಮಲಗಿಸುವುದು. ಮೇಲೆ ಒರಳಿನ ಗುಂಡು. ಮೂರು ದಿನಕ್ಕೊಮ್ಮೆ ಪುಟ ಬದಲು, ಇಲ್ಲದಿದ್ದರೆ ಕಡಲ ಗಾಳಿಗೆ ಬೂಸಲು ಹಿಡಿಯುತ್ತದೆ. ತಿಂಗಳ ಮೇಲೆ ಹೂವು ಗರಿಗರಿಯಾದಾಗ ಚಿಮಟಿಗೆಯಲ್ಲಿ ಎತ್ತಿ, ಗಾಜಿನ ಮೇಲೆ ಮುಖ ಕೆಳಗೆ ಮಾಡಿ ಅಂಟಿಸಿ ಚೌಕಟ್ಟು ಹಾಕುತ್ತಾಳೆ. ಕೆಲಸವೆಲ್ಲ ಹಿಂಬದಿಯಿಂದ. ಅವಳ ಎಡ ನೋಡುವವರಿಗೆ ಬಲವಾಗುತ್ತದೆ. ಮೊದಮೊದಲು ಇದೇ ಲೆಕ್ಕ ತಪ್ಪಿ ಎಷ್ಟೋ ಹೂವು ಹಾಳಾಗಿದ್ದವು.

ಮಧ್ಯಾಹ್ನದ ಹೊತ್ತು ಗಾಳಿ ಬಂದು ಪುಟಗಳು ತಾವಾಗಿ ಮಗುಚಿಕೊಳ್ಳುತ್ತವೆ. ಸತ್ತವರ ಹೆಸರಿನ ಮೇಲೆ ಅವರ ಶಂಖಪುಷ್ಪ ಇನ್ನೂ ನೀಲಿಯಾಗಿಯೇ ಇರುತ್ತದೆ. ಗೋದಾವರಿ ಕಣ್ಣು ಮುಚ್ಚಿದರೆ ಹಳೆಯ ಸ್ವಿಚ್‌ಬೋರ್ಡಿನ ಗುಂಯ್‌ಗುಡುವಿಕೆ ಕೇಳುತ್ತದೆ, ಅದರೊಳಗಿಂದ ಒಂದು ಗಂಡುದನಿ: "ಕಾರವಾರ, ನಾನು ಅಂಕೋಲಾ."

ಆ ದನಿ ರಾಮನಾಥನದು. ಅಂಕೋಲಾ ಕಚೇರಿಯ ಆಪರೇಟರ್. ಆಗ ಅವಳಿಗೆ ಇಪ್ಪತ್ತೆರಡು. ಮುಖ ನೋಡುವ ಮೊದಲೇ ಎರಡು ವರ್ಷ ಮಾತು ನಡೆದಿತ್ತು, ಅವನಿಗೆ ಅವಳು ಕಾರವಾರ, ಅವಳಿಗೆ ಅವನು ಅಂಕೋಲಾ. ಮನೆಯವರಿಗೆ ತಿಳಿದಾಗ ಯಾರೂ ಬೇಡವೆನ್ನಲಿಲ್ಲ. ದೇವರ ಪ್ರಸಾದವೊಂದು ಆಗಲಿ ಎಂದರು. ಒದ್ದೆ ಹೂವನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಆ ಹೂವನ್ನು ಹೆಣ್ಣುಮಕ್ಕಳು ಮುಡಿದುಕೊಂಡೇ ಮನೆಗೆ ಬರಬೇಕು. ಎಡದ್ದು ಬಿದ್ದರೆ ಮುಗಿಯಿತು, ಅದನ್ನು ಯಾರೂ ಮುಟ್ಟುವುದಿಲ್ಲ.

ಅಂದು ಗುಡಿಯ ಭಟ್ಟರಿಗೆ ಸೂತಕ. ಬದಲಿಗೆ ಬಂದಿದ್ದವರು ಕೇಪಳದ ಕೆಂಪು ಹೂವು ಅಂಟಿಸಿ, ಒಂದು ಕಳಚಿ ಬಿದ್ದೊಡನೆ, "ಎಡಕ್ಕೆ ಬಂತಲ್ಲ ಅಮ್ಮಾ" ಎಂದರು. ತಾಯಿ ಕೈಮುಗಿದು ಹೊರಟಳು. ದೇವರೆದುರು ವಾದ ಮಾಡುವವರುಂಟೇ? ಗೋದಾವರಿ ಮಾತ್ರ ಹೊಸ್ತಿಲಿನಿಂದ ಕೈ ಚಾಚಿ, ಮುಟ್ಟಬಾರದ ಆ ಹೂವನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳು ಒಣಗಿಸಿದ ಮೊದಲ ಹೂವು ಅದು, ಅಂದಿನ ಡೈರೆಕ್ಟರಿಯಲ್ಲಿ ರಾಮನಾಥನ ಹೆಸರಿದ್ದ ಅಂಕೋಲಾದ ಪುಟದಲ್ಲಿ. ಪುಟದ ಮೇಲೆ ಅದರ ಸುತ್ತ ಒಂದು ಕಲೆ ಉಳಿದಿತ್ತು. ತನ್ನ ಕಣ್ಣೀರೆಂದೇ ಅವಳು ತಿಳಿದಿದ್ದಳು.

ರಾಮನಾಥ ಮದುವೆಯಾದ. ನಲವತ್ತು ವರ್ಷದಲ್ಲಿ ಇಬ್ಬರೂ ಒಂದೆರಡು ಮದುವೆಮನೆಗಳಲ್ಲಿ ಎದುರಾಗಿ ನಕ್ಕಿದ್ದರು, ಅಷ್ಟೇ.

ಕಳೆದ ಮಾರ್ಗಶಿರದಲ್ಲಿ ಅವನೇ ಗೇಟು ತೆರೆದುಕೊಂಡು ಬಂದ, ತಲೆ ಪೂರ್ತಿ ಬಿಳಿ, ಕೈಯಲ್ಲಿ ಬಾಳೆಲೆಯ ಪೊಟ್ಟಣ. ಹೆಂಡತಿ ದಮಯಂತಿ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ಅವಳು ಬೆಳೆಸಿದ ಗಿಡಗಳಿಗೆ ತಾನು ನೀರು ಹಾಕಿದರೂ ಒಂದೊಂದಾಗಿ ಒಣಗುತ್ತಿವೆ, ಉಳಿದ ಹೂವನ್ನಾದರೂ ಕಾಯ್ದುಕೊಡು ಎಂದ. ಪೊಟ್ಟಣದಲ್ಲಿ ಅಬ್ಬಲಿಗೆ, ಶಂಖಪುಷ್ಪ, ಎಳೆಯ ಗೊರಟೆ ಇದ್ದವು. ಗೋದಾವರಿ ಕೈ ಚಾಚಿದಳು.

ಆ ಹೂವುಗಳನ್ನು ಅವನ ಹೆಸರಿನ ಪುಟದಲ್ಲೇ ಮಲಗಿಸಬೇಕಲ್ಲ. ಹಳೆಯ ಕೇಪಳ ಹೊರಬಂತು. ಕೆಂಪು ಹೋಗಿ ಕಾಫಿಪುಡಿಯ ಬಣ್ಣವಾಗಿತ್ತು. ಪುಟವನ್ನು ಕಿಟಕಿಗೆ ಹಿಡಿದಳು. ಕಲೆಯ ಮೂಲಕ ಬೆಳಕು ತೂರಿತು. ಕಣ್ಣೀರು ಕಾಗದವನ್ನು ಹಾಗೆ ಪಾರದರ್ಶಕ ಮಾಡೀತೇ? ಅದು ಎಣ್ಣೆ. ಹೂವು ಬಿದ್ದದ್ದು ಗರ್ಭಗುಡಿಯ ನಂದಾದೀಪದ ಬುಡಕ್ಕೆ. ಆ ದೀಪ ದೇವರ ಯಾವ ಕೈಯ ಕಡೆಗಿತ್ತು?

ಮರುದಿನ ಬಸ್ಸು ಹತ್ತಿ ಆ ಗುಡಿಗೆ ಹೋದಳು. ದೀಪ ಅಲ್ಲೇ ಇತ್ತು, ನಿಂತವಳ ಎಡಕ್ಕೆ, ದೇವರ ಬಲಗೈಯ ಪಕ್ಕಕ್ಕೆ. ಪ್ರಸಾದದಲ್ಲಿ ಬಲವೆಂದರೆ ದೇವರ ಬಲ. ಬದಲಿ ಭಟ್ಟರು ತಮ್ಮ ಎಡವನ್ನು ಹೇಳಿದ್ದರು, ತಾಯಿ ತಲೆಬಾಗಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ದಿನವೂ ಹೂವನ್ನು ಹಿಂಬದಿಯಿಂದ ಅಂಟಿಸುವ ತನಗೇ ಇದು ಇಷ್ಟು ವರ್ಷ ಹೊಳೆಯದೆ ಹೋಯಿತಲ್ಲ ಎಂದು ಗೋದಾವರಿಗೆ ನಗು ಬಂತು, ಆಮೇಲೆ ಹೊಸ್ತಿಲಲ್ಲಿ ಕೂತು ಅತ್ತಳು.

ತಿಂಗಳಿಡೀ ಅದೊಂದೇ ಯೋಚನೆ, ಅವನಿಗೆ ಹೇಳಬೇಕೇ ಬೇಡವೇ. ಹೇಳಿದರೆ ತನ್ನ ಎದೆ ಹಗುರಾಗುತ್ತದೆ. ಬೆರಳ ತುದಿಯಲ್ಲಿ ದಮಯಂತಿಯ ಅಬ್ಬಲಿಗೆ ಎಸಳೆಸಳಾಗಿ ಅಂಟುತ್ತಿತ್ತು. ಇಷ್ಟು ತೆಳುವಾದ ಹೂವನ್ನು ಬೆಳೆಸಿದವಳು ಎಂಥ ಹೆಂಗಸಿದ್ದಳೋ ಎಂದುಕೊಳ್ಳುತ್ತಿದ್ದಳು. ಅವಳ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದಳು, ಬರಲಿಲ್ಲ.

ರಾಮನಾಥ ಚೌಕಟ್ಟು ಒಯ್ಯಲು ಬಂದ. ಬಹಳ ಹೊತ್ತು ನೋಡಿ, ತುಳಸಿಕಟ್ಟೆ ಹತ್ತಿರ ದಮಯಂತಿ ನಿಂತ ಹಾಗೇ ಕಾಣುತ್ತದೆ ಎಂದ. ಗೇಟಿನವರೆಗೆ ಹೋದವನು ತಿರುಗಿದ.

"ಕಾರವಾರ, ಒಂದು ಮಾತು ಕೇಳ್ಲಾ? ಅಂದು ಹೂ ಖರೆ ಎಡಕ್ಕೇ ಬಿದ್ದಿತ್ತಾ?"

ಚೌಕಟ್ಟನ್ನು ಅವನು ಮಗುವಿನಂತೆ ಎದೆಗೆ ಅವಚಿಕೊಂಡಿದ್ದ. ಗೋದಾವರಿ ಅದನ್ನೇ ನೋಡಿದಳು.

"ಎಡಕ್ಕೇ ಬಿದ್ದಿತ್ತು, ಅಂಕೋಲಾ. ನಾನೇ ಕಣ್ಣಾರೆ ಕಂಡಿದ್ದೆ."

ಅವಳು ನಿಂತ ಕಡೆಯಿಂದ ಅದು ಸುಳ್ಳಲ್ಲ. ಅವನು ಉಸಿರು ಬಿಟ್ಟ. "ಹಂಗಾರೆ ಸರಿ," ಎಂದು ಬಸ್ಸಿನ ದಾರಿ ಹಿಡಿದ.

ಗೋದಾವರಿ ಒಳಗೆ ಬಂದು ಕೇಪಳವನ್ನು ಚಿಮಟಿಗೆಯಲ್ಲಿ ಎತ್ತಿದಳು. ನಲವತ್ತು ವರ್ಷ ತಡವಾಗಿ ಅದನ್ನು ತುರುಬಿಗೆ ಸಿಕ್ಕಿಸಿಕೊಂಡಳು. ಅರ್ಧ ಪುಡಿಯಾಗಿ ಉದುರಿತು, ಅರ್ಧ ನಿಂತಿತು. ಹಾಗೆಯೇ ಚೀಲ ಹಿಡಿದು ಅಂಗಡಿಗೆ ಹೋಗಿ ಹಾಲು ತಂದಳು.